ಅಜ್ಜನಿಂದ ಮೊಮ್ಮಗನಿಗೆ ಬಂದ ವರ್ಣಾಂಧತೆ ಮತ್ತು ಸೋದರಿಕೆಯ ಸಂಬಂಧ: ಯಾವ ಗುಣ ಯಾವ ದಾರಿಯಲ್ಲಿ ಇಳಿದು ಬರುತ್ತದೆ?

ತೋಟದವರು, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳನ್ನು ನನ್ನ ಅಕ್ಕನ ಮಗನಿಗೆ ಕೊಡುವ ಮಾತುಕತೆ ನಮ್ಮ ಮನೆಯಲ್ಲಿ ನಡೆಯುತ್ತಿದೆ. ಎರಡೂ ಮನೆಯವರಿಗೆ ಇಷ್ಟವಿದೆ, ಮಕ್ಕಳಿಬ್ಬರೂ ಮನಸಾರೆ ಒಪ್ಪಿದ್ದಾರೆ. ಆದರೆ ಹುಡುಗ ನೌಕರಿಯೊಂದಕ್ಕೆ ಆಯ್ಕೆಯಾಗಿ ವೈದ್ಯಕೀಯ ತಪಾಸಣೆಗೆ ಹೋದಾಗ ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿಗಳನ್ನು ಓದಲಾರದೆ ಹೋದನು. ಕೆಂಪು-ಹಸಿರು ವರ್ಣಾಂಧತೆ ಇದೆಯೆಂದು ಬರೆದುಕೊಟ್ಟರು. ಆ ಮೇಲೆ ಹಿಂದಿನದೆಲ್ಲ ನೆನಪಿಗೆ ಬಂತು. ಕಾಳುಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಬಳ್ಳಿ ಕೊಯ್ಲಿಗೆ ಬಂತೆಂದು ನಮ್ಮ ಲೆಕ್ಕ. ನಮಗೆ ನೆಲದಲ್ಲಿ ನಿಂತರೂ ಕಾಣುವ ಆ ಕೆಂಪು ಕಾಳನ್ನು ಅವನು ಏಣಿ ಹತ್ತಿ, ಗೊಂಚಲನ್ನು ಕಣ್ಣ ಹತ್ತಿರಕ್ಕೆ ಎಳೆದುಕೊಂಡು, ಬೆರಳಿನಿಂದ ಒತ್ತಿ ನೋಡಿ ಹುಡುಕುತ್ತಿದ್ದನು. ಕಾಫಿ ಕೊಯ್ಲಿನಲ್ಲಿಯೂ ಅವನ ಬುಟ್ಟಿಯಲ್ಲಿ ಹಣ್ಣಿನ ಜೊತೆಗೆ ಹಸಿರು ಕಾಯಿ ಬಹಳ ಸೇರಿರುತ್ತಿತ್ತು.

ತೀರಿಹೋದ ನಮ್ಮ ಅಪ್ಪಯ್ಯನಿಗೂ ಹೀಗೆಯೇ ಇತ್ತು. ನನಗಿಲ್ಲ, ಅಕ್ಕನಿಗಿಲ್ಲ, ತಂಗಿಗೂ ಇಲ್ಲ. ಮಧ್ಯದ ತಲೆಮಾರಿನಲ್ಲಿ ಯಾರಿಗೂ ಇಲ್ಲದ್ದು ಮೊಮ್ಮಗನಲ್ಲಿ ಕಾಣಿಸಿಕೊಂಡದ್ದು ಹೇಗೆ? ಭಾವನ ಕಡೆಯ ಕೆಲವರು ಇದು ಅಕ್ಕನಿಂದ ಬಂದ ದೋಷವೆಂದು ಅವಳ ಎದುರಿಗೇ ಆಡಿದ್ದಾರೆ, ಅವಳು ಬಹಳ ನೊಂದಿದ್ದಾಳೆ. ಇನ್ನು ಹತ್ತಿರದ ಸಂಬಂಧದಲ್ಲಿಯೇ ಮದುವೆ ಮಾಡಿದರೆ ಮೊಮ್ಮಕ್ಕಳಲ್ಲಿ ಇದು ಇಮ್ಮಡಿಯಾಗುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಜೀವಶಾಸ್ತ್ರ ಶಿಕ್ಷಕಿ, ಸಾಗರ

ತಾವು ಮನೆಯ ವಿವರಗಳನ್ನು ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ತಮ್ಮ ಮನೆಯಲ್ಲಿ ನಡೆದಿರುವುದು ಪಠ್ಯಪುಸ್ತಕದಲ್ಲಿ ಚಿತ್ರ ಬರೆದು ತೋರಿಸುವಷ್ಟು ಸ್ಪಷ್ಟವಾದ ಉದಾಹರಣೆ.

ನಮ್ಮ ಪ್ರತಿಯೊಂದು ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿಗಳಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಇವುಗಳಲ್ಲಿ 22 ಜೋಡಿಗಳು ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಒಂದೇ ಬಗೆಯವು. ಇಪ್ಪತ್ತಮೂರನೆಯದು ಲಿಂಗ ವರ್ಣತಂತುಗಳ ಜೋಡಿ: ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದು ಎಕ್ಸ್ ಮತ್ತು ಒಂದು ವೈ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಕ್ಸ್ ಹೊತ್ತವು, ಇನ್ನರ್ಧ ವೈ ಹೊತ್ತವು. ಆದ್ದರಿಂದ ತಂದೆಯ ಎಕ್ಸ್ ಹೆಣ್ಣುಮಕ್ಕಳಿಗೆ ಮಾತ್ರ ಹೋಗುತ್ತದೆ, ಗಂಡುಮಕ್ಕಳಿಗೆ ಅವನಿಂದ ಸಿಗುವುದು ವೈ ಮಾತ್ರ. ತಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ವಾಕ್ಯದಲ್ಲಿದೆ.

ಕೆಂಪು ಮತ್ತು ಹಸಿರು ಬೆಳಕನ್ನು ಗ್ರಹಿಸುವ ಕಣ್ಣಿನ ವರ್ಣಕಗಳ ವಂಶವಾಹಿಗಳು (ಜೀನ್‌ಗಳು, ವರ್ಣತಂತುವಿನಲ್ಲಿ ಒಂದೊಂದು ಗುಣದ ಸೂಚನೆಯಿರುವ ತುಣುಕುಗಳು) ಎಕ್ಸ್ ವರ್ಣತಂತುವಿನ ತುದಿಯ ಹತ್ತಿರ ಅಕ್ಕಪಕ್ಕದಲ್ಲಿವೆ. ಅವೆರಡೂ ಒಂದನ್ನೊಂದು ಬಹಳವಾಗಿ ಹೋಲುವುದರಿಂದ, ಅಂಡಾಣು ರೂಪುಗೊಳ್ಳುವ ಹೊತ್ತಿನಲ್ಲಿ ಎರಡು ಎಕ್ಸ್‌ಗಳ ನಡುವೆ ತುಂಡುಗಳ ಅದಲುಬದಲು ನಡೆಯುವಾಗ ಜೋಡಣೆ ತಪ್ಪಿ, ಒಂದು ವಂಶವಾಹಿ ಕಳೆದುಹೋಗುವುದು ಅಥವಾ ಎರಡೂ ಬೆರೆತುಹೋಗುವುದು ಉಂಟು. ವರ್ಣಾಂಧತೆ ಇಷ್ಟು ಸಾಮಾನ್ಯವಾಗಿರಲು ಇದೇ ಕಾರಣ. ನೀಲಿಯ ವಂಶವಾಹಿ 7ನೆಯ ವರ್ಣತಂತುವಿನಲ್ಲಿದೆ. ಅದರ ತೊಂದರೆ ಅಪರೂಪ, ಇದ್ದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಇರುತ್ತದೆ.

ತಮ್ಮ ಅಪ್ಪಯ್ಯನವರಲ್ಲಿ ಇದ್ದದ್ದು ಒಂದೇ ಎಕ್ಸ್, ಅದರಲ್ಲಿ ಬದಲಾದ ವಂಶವಾಹಿ. ತಮಗೆ ಅವರು ಕೊಟ್ಟದ್ದು ವೈ. ಹಾಗಾಗಿ ತಮಗೆ ವರ್ಣಾಂಧತೆ ಅವರಿಂದ ಬರುವ ದಾರಿಯೇ ಇರಲಿಲ್ಲ. ಅಕ್ಕನವರಿಗೆ ಆ ಎಕ್ಸ್ ಬಂದಿದೆ, ಬಾರದೆ ಇರಲು ಸಾಧ್ಯವಿಲ್ಲ. ಆದರೆ ತಾಯಿಯಿಂದ ಬಂದ ಇನ್ನೊಂದು ಎಕ್ಸ್ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದ ಅವರಿಗೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಇಂಥವರನ್ನು ವಾಹಕಿ ಎನ್ನುತ್ತಾರೆ. ವಾಹಕಿ ತಾಯಿಯ ಪ್ರತಿಯೊಬ್ಬ ಮಗನಿಗೂ ಆ ಎಕ್ಸ್ ಹೋಗುವ ಸಾಧ್ಯತೆ ಅರ್ಧ. ಇದರಲ್ಲಿ ಅಕ್ಕನವರ ಯಾವ ತಪ್ಪೂ ಇಲ್ಲ. ಅವರ ಆಹಾರ, ಬಸಿರಿನಲ್ಲಿ ಅವರು ಮಾಡಿದ ಕೆಲಸ, ಗ್ರಹಣದಲ್ಲಿ ಹೊರಗೆ ಬಂದದ್ದು, ಇವು ಯಾವುದೂ ಅಂಡಾಣುವಿನಲ್ಲಿ ಯಾವ ಎಕ್ಸ್ ಉಳಿಯಬೇಕೆಂದು ನಿರ್ಧರಿಸುವುದಿಲ್ಲ. ಈ ಮಾತನ್ನು ಭಾವನವರ ಕಡೆಯವರಿಗೆ ದಯವಿಟ್ಟು ತಾವೇ ಹೇಳಿ.

ವರ್ಣಾಂಧತೆಯ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರಬೇಕೆಂದು ಅಮೆರಿಕದ ಎಡ್ಮಂಡ್ ವಿಲ್ಸನ್ 1911ರಲ್ಲಿ ತರ್ಕಿಸಿ ಹೇಳಿದರು. ಮನುಷ್ಯನ ಒಂದು ಗುಣಕ್ಕೆ ಇಂಥದೇ ವರ್ಣತಂತುವೆಂದು ಮೊದಲ ಬಾರಿ ಜಾಗ ಗೊತ್ತಾದದ್ದು ಆಗಲೇ. ಅದೂ ಸೂಕ್ಷ್ಮದರ್ಶಕದಲ್ಲಿ ಆ ವಂಶವಾಹಿಯನ್ನು ಕಂಡು ಹೇಳಿದ್ದಲ್ಲ. ತಮ್ಮ ಮನೆಯಂಥ ಮನೆಗಳಲ್ಲಿ ಅದು ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ ದಾಟುವ ಕ್ರಮವನ್ನು ಗಮನಿಸಿ ಹೇಳಿದ್ದು.

ಓದುಗ, ಹೊಸನಗರ

ಶಿಕ್ಷಕಿಯವರ ವಿವರಣೆ ಸರಿಯಾಗಿದೆ. ಆದರೆ ಮುಖ್ಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಹುಡುಗ ಹುಡುಗಿ ಇಬ್ಬರಿಗೂ ಅಜ್ಜ ಒಬ್ಬರೇ. ಆ ಅಜ್ಜನಲ್ಲಿಯೇ ವರ್ಣಾಂಧತೆ ಇತ್ತು. ಹುಡುಗನಿಗೆ ಅದು ಮಗಳ ಕಡೆಯಿಂದ ಬಂದಿದೆ, ಹುಡುಗಿಗೆ ಮಗನ ಕಡೆಯಿಂದ ಏಕೆ ಬಂದಿರಬಾರದು? ಎರಡು ಕಡೆಯೂ ಸೇರಿದರೆ ಮುಂದೆ ಹುಟ್ಟುವ ಹೆಣ್ಣುಮಕ್ಕಳಲ್ಲಿಯೂ ಕಾಣಿಸಿಕೊಳ್ಳಬೇಕಲ್ಲವೇ? ರಕ್ತಸಂಬಂಧದಲ್ಲಿ ಮದುವೆ ಮಾಡಬಾರದೆಂದು ವೈದ್ಯರು ಮತ್ತೆ ಮತ್ತೆ ಹೇಳುತ್ತಿರುವಾಗ, ಧೈರ್ಯ ಹೇಳುವ ಭರದಲ್ಲಿ ನಾವು ಆ ಎಚ್ಚರಿಕೆಯನ್ನು ಮರೆಸಬಾರದು.

ಜೀವಶಾಸ್ತ್ರ ಶಿಕ್ಷಕಿ, ಸಾಗರ

ಹೊಸನಗರದವರ ಆಕ್ಷೇಪಣೆ ನ್ಯಾಯವಾದದ್ದು, ಅದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ. ಎಚ್ಚರಿಕೆಯ ಮಾತು ಉಳಿದ 22 ಜೋಡಿಗಳಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಎಕ್ಸ್‌ನ ವಿಷಯದಲ್ಲಿ ಮಾತ್ರ ಯಾವ ಕಡೆಯ ಸೋದರಿಕೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ಮೊದಲು ಈ ಮನೆಯ ಪ್ರಶ್ನೆ. ಅಜ್ಜನ ಎಕ್ಸ್ ಮಗನಿಗೆ ದಾಟುವುದಿಲ್ಲ. ಮಗನಲ್ಲಿಯೇ ಇಲ್ಲದ್ದು ಮೊಮ್ಮಗಳಿಗೆ ಹೋಗಲಾರದು. ಅಷ್ಟೇ ಅಲ್ಲ, ತೀರ್ಥಹಳ್ಳಿಯವರಿಗೆ ಬಣ್ಣಗಳು ಸರಿಯಾಗಿ ಕಾಣುತ್ತವೆ ಎಂಬುದೊಂದೇ ಸಾಕು. ಗಂಡಸಿನಲ್ಲಿ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿ ದೋಷವಿದ್ದರೆ ಮರೆಮಾಚಲು ಇನ್ನೊಂದಿಲ್ಲ. ಅವನು ವಾಹಕನಾಗಿ ಅಡಗಿ ಕುಳಿತಿರಲಾರನು. ಅವರಿಗೆ ಎಕ್ಸ್ ಬಂದಿರುವುದು ಅವರ ತಾಯಿಯಿಂದ, ಅದರಲ್ಲಿ ಈ ದೋಷವಿಲ್ಲವೆಂದು ಅವರ ಕಣ್ಣೇ ಹೇಳುತ್ತಿದೆ, ಅದೇ ಎಕ್ಸ್ ಅವರ ಮಗಳಿಗೆ ಬಂದಿದೆ. ಆದ್ದರಿಂದ ವರ್ಣಾಂಧತೆಯ ಮಟ್ಟಿಗೆ ತಂದೆಯ ಕಡೆಯಿಂದ ಹುಡುಗಿಗೆ ಯಾವ ಹೊರೆಯೂ ಇಲ್ಲ. ಅವಳ ತಾಯಿಯ ಕಡೆಯಿಂದ ಬಂದಿದ್ದರೆ ಮಾತ್ರ ಬೇರೆ ವಿಷಯ, ಅದಕ್ಕೂ ಸೋದರಿಕೆಗೂ ಸಂಬಂಧವಿಲ್ಲ.

ಈಗ ಸೋದರಿಕೆಯ ಲೆಕ್ಕ. ಮಗುವಿನಲ್ಲಿ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬರೇ ಪೂರ್ವಜರ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಾಧ್ಯತೆಯನ್ನು ಇಲ್ಲಿ ಎಣಿಸುತ್ತಾರೆ. 22 ಜೋಡಿಗಳಿಗೆ ಸಂಬಂಧಿಸಿದಂತೆ ಈ ಸಾಧ್ಯತೆ ಸೋದರಮಾವನನ್ನೇ ಮದುವೆಯಾದಾಗ ಎಂಟರಲ್ಲಿ ಒಂದು. ಸೋದರಮಾವನ ಮಗಳಾಗಲಿ ಸೋದರತ್ತೆಯ ಮಗಳಾಗಲಿ, ಹದಿನಾರರಲ್ಲಿ ಒಂದು. ಆದರೆ ಎಕ್ಸ್‌ಗೆ ಬಂದಾಗ ಈ ಎರಡು ಸಂಬಂಧಗಳು ಒಂದೇ ಅಲ್ಲ. ಹುಡುಗ ತನ್ನ ಸೋದರತ್ತೆಯ ಮಗಳನ್ನು ಮದುವೆಯಾದನೆಂದುಕೊಳ್ಳೋಣ. ಅವಳಿಗೂ ಅವನಿಗೂ ಸಂಬಂಧ ಅವನ ತಂದೆಯ ಮೂಲಕ. ತಂದೆ ಅವನಿಗೆ ಎಕ್ಸ್ ಕೊಟ್ಟೇ ಇಲ್ಲ. ಅವನ ಎಕ್ಸ್ ಬಂದದ್ದು ಹೊರಗಿನಿಂದ ಸೊಸೆಯಾಗಿ ಬಂದ ತಾಯಿಯಿಂದ. ಹಾಗಾಗಿ ಈ ಸಾಧ್ಯತೆ ಎಕ್ಸ್‌ನಲ್ಲಿ ಸೊನ್ನೆ. ಸೋದರಮಾವನ ಮಗಳಾದರೆ, ಇಬ್ಬರಿಗೂ ಸಮಾನಳಾದ ಅಜ್ಜಿಯ ಎಕ್ಸ್ ಒಂದು ಕಡೆ ಮಗಳ ಮೂಲಕ ಮೊಮ್ಮಗನಿಗೆ, ಇನ್ನೊಂದು ಕಡೆ ಮಗನ ಮೂಲಕ ಮೊಮ್ಮಗಳಿಗೆ ಇಳಿಯಬಹುದು. ಅವರಿಗೆ ಹುಟ್ಟುವ ಹೆಣ್ಣುಮಗುವಿನಲ್ಲಿ ಈ ಸಾಧ್ಯತೆ ಎಂಟರಲ್ಲಿ ಒಂದು. ನಮ್ಮ ಕಡೆ ಎರಡಕ್ಕೂ ಒಂದೇ ಮರ್ಯಾದೆ, ಎರಡನ್ನೂ ಒಂದೇ ಉಸಿರಿನಲ್ಲಿ ಸೋದರಿಕೆ ಎನ್ನುತ್ತೇವೆ. ಎಕ್ಸ್ ವರ್ಣತಂತುವಿನ ಮಟ್ಟಿಗೆ ಇವೆರಡರ ನಡುವೆ ಅಜಗಜಾಂತರವಿದೆ.

ಹುಡುಗಿಯ ತಾಯಿಯ ಕಡೆ ಈ ದೋಷ ಇಲ್ಲದಿದ್ದರೆ, ಈ ದಂಪತಿಗೆ ಹುಟ್ಟುವ ಗಂಡುಮಕ್ಕಳಿಗೆ ವರ್ಣಾಂಧತೆ ಬರುವುದಿಲ್ಲ, ಏಕೆಂದರೆ ತಂದೆಯಿಂದ ಅವರಿಗೆ ಸಿಗುವುದು ವೈ. ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ, ಬಣ್ಣ ಅವರಿಗೆ ಕಾಣುತ್ತದೆ.

ತೋಟದವರು, ತೀರ್ಥಹಳ್ಳಿ

ಬಹಳ ಉಪಕಾರವಾಯಿತು. ಇನ್ನೊಂದು ಸಂದೇಹ. ನನ್ನ ತಂಗಿಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಬಣ್ಣ ಸರಿಯಾಗಿ ಕಾಣುತ್ತದೆ. ಹಾಗಾದರೆ ತಂಗಿಗೆ ಅಪ್ಪಯ್ಯನಿಂದ ಇದು ಬಂದಿಲ್ಲವೆಂದು ತಿಳಿಯಬಹುದೇ?

ಜೀವಶಾಸ್ತ್ರ ಶಿಕ್ಷಕಿ, ಸಾಗರ

ಹಾಗೆ ತಿಳಿಯಲಾಗದು. ತಂದೆಗೆ ಇರುವುದು ಒಂದೇ ಎಕ್ಸ್ ಆದ್ದರಿಂದ ತಂಗಿಯವರಿಗೂ ಅದೇ ಬಂದಿದೆ, ಅವರೂ ವಾಹಕಿಯೇ. ಒಬ್ಬ ಮಗ ಪಾರಾಗುವ ಸಾಧ್ಯತೆ ಅರ್ಧ, ಇಬ್ಬರೂ ಪಾರಾಗುವ ಸಾಧ್ಯತೆ ಕಾಲು ಭಾಗ. ಅವರ ಮನೆಯಲ್ಲಿ ಆ ಕಾಲು ಭಾಗ ನಡೆದಿದೆ. ಅವರಿಗೆ ಹೆಣ್ಣುಮಗಳಿದ್ದರೆ ಅವಳು ವಾಹಕಿಯಾಗಿರುವ ಸಾಧ್ಯತೆ ಅರ್ಧ. ಎರಡು ತಲೆಮಾರು ಹೆಣ್ಣುಮಕ್ಕಳ ಮೂಲಕವೇ ದಾಟಿ ಬಂದರೆ ಮನೆಯವರಿಗೆ ಅಜ್ಜನ ವಿಷಯ ಮರೆತೇ ಹೋಗಿರುತ್ತದೆ, ಆಗ ಹುಟ್ಟಿದ ಹುಡುಗನಲ್ಲಿ ಅದು ಎಲ್ಲಿಂದ ಬಂತೋ ಎಂದು ಎಲ್ಲರೂ ಬೆರಗಾಗುತ್ತಾರೆ. ನಮ್ಮ ಮನೆಗಳ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಹೆಸರುಗಳೇ ಸಾಲಾಗಿರುತ್ತವೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕವಲನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಎಕ್ಸ್‌ನ ದಾರಿ ತಿಳಿಯಬೇಕಾದರೆ ಆ ನಿಲ್ಲಿಸಿದ ಕವಲುಗಳೇ ಬೇಕು.

ಗಂಡಸರಲ್ಲಿ ಇದು ಹೆಚ್ಚು, ಹೆಂಗಸರಲ್ಲಿ ತೀರ ಕಡಿಮೆ ಏಕೆಂಬುದಕ್ಕೂ ಇದರಲ್ಲಿಯೇ ಉತ್ತರವಿದೆ. ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು ಶೇಕಡಾ 8 ಮಂದಿಗೆ ಕೆಂಪು-ಹಸಿರು ವರ್ಣಾಂಧತೆ ಇದೆ. ಹೆಂಗಸಿಗೆ ಅದು ಕಾಣಿಸಿಕೊಳ್ಳಬೇಕಾದರೆ ಎರಡೂ ಎಕ್ಸ್‌ಗಳಲ್ಲಿ ಇರಬೇಕು. ನೂರರಲ್ಲಿ ಎಂಟನ್ನು ನೂರರಲ್ಲಿ ಎಂಟರಿಂದ ಗುಣಿಸಿದರೆ ಶೇಕಡಾ 0.64. ಅಲ್ಲಿನ ಹೆಂಗಸರಲ್ಲಿ ನಿಜವಾಗಿ ಕಂಡುಬರುವುದು ಶೇಕಡಾ ಅರ್ಧದಷ್ಟು, ಲೆಕ್ಕಕ್ಕೆ ಹತ್ತಿರವೇ.

ರಸಾಯನಶಾಸ್ತ್ರದಲ್ಲಿ ಪರಮಾಣು ಸಿದ್ಧಾಂತಕ್ಕಾಗಿ ನಾವು ಓದುವ ಜಾನ್ ಡಾಲ್ಟನ್ ಅವರಿಗೂ ಅವರ ಅಣ್ಣನಿಗೂ ಇದೇ ತೊಂದರೆ ಇತ್ತು. ಡಾಲ್ಟನ್ 1794ರಲ್ಲಿ ಅದನ್ನು ಬರೆದು ಓದಿದರು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ತಾವು ಸತ್ತ ಮೇಲೆ ಪರೀಕ್ಷಿಸಿ ನೋಡುವಂತೆ ಹೇಳಿದ್ದರು. 1844ರಲ್ಲಿ ನೋಡಿದಾಗ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಕಣ್ಣಿನ ಅಂಶದ ಡಿಎನ್‌ಎಯನ್ನು 1995ರಲ್ಲಿ ಪರೀಕ್ಷಿಸಿದಾಗ ಹಸಿರಿನ ವರ್ಣಕದ ವಂಶವಾಹಿ ಇರಲಿಲ್ಲವೆಂದು ತಿಳಿಯಿತು. ಹುಡುಗನಿಗೆ ಇದನ್ನು ಹೇಳಿ.

ಇಬ್ಬರು ಹೆಣ್ಣುಮಕ್ಕಳ ತಾಯಿ, ಕೊಪ್ಪ

ವಿಷಯ ಎಕ್ಸ್, ವೈ ಎಂದು ಬಂದದ್ದರಿಂದ ನಾನೂ ಕೇಳುತ್ತೇನೆ. ನನಗೆ ಇಬ್ಬರು ಹೆಣ್ಣುಮಕ್ಕಳು. ನನ್ನ ಅಮ್ಮನಿಗೂ ಹೆಣ್ಣುಮಕ್ಕಳೇ ಆದದ್ದರಿಂದ "ಅವರ ಮನೆತನದ್ದೇ ಹಾಗೆ, ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಅತ್ತೆಯವರು ಬಂದವರೆದುರಿಗೆಲ್ಲ ಹೇಳುತ್ತಾರೆ. ಗಂಡುಮಗು ಬೇಕಾದರೆ ಬಸಿರು ನಿಂತ ಎರಡನೆಯ ತಿಂಗಳಲ್ಲಿ ಕುಡಿಯಬೇಕಾದ ನಾಟಿ ಔಷಧವೊಂದಿದೆ ಎಂದೂ ಹೇಳುತ್ತಿದ್ದಾರೆ. ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುವುದಾದರೆ ನನ್ನನ್ನು ಏಕೆ ದೂರಬೇಕು? ಹಾಗೆಂದು ನನ್ನ ಯಜಮಾನರನ್ನು ದೂರುವುದೂ ನನಗೆ ಬೇಕಿಲ್ಲ.

ಪ್ರಯೋಗಾಲಯ ತಂತ್ರಜ್ಞ, ಭದ್ರಾವತಿ

ಅಮ್ಮಾ, ತಮ್ಮ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಯಾರನ್ನೂ ದೂರುವ ಅಗತ್ಯವಿಲ್ಲ. ಮಗು ಗಂಡೋ ಹೆಣ್ಣೋ ಎಂಬ ವ್ಯತ್ಯಾಸ ಬರುವುದು ತಂದೆಯ ವೀರ್ಯಾಣುವಿನಿಂದ ನಿಜ, ಆದರೆ ಯಾವ ವೀರ್ಯಾಣು ಅಂಡಾಣುವನ್ನು ಸೇರುತ್ತದೆ ಎಂಬುದು ತಂದೆಯ ಕೈಯಲ್ಲಿಯೂ ಇಲ್ಲ. ಲಿಂಗ ವರ್ಣತಂತುಗಳ ಈ ಪಾತ್ರವನ್ನು 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನ ಹುಳುಗಳ ಜೀವಕೋಶಗಳನ್ನು ನೋಡಿ ಕಂಡುಕೊಂಡರು. ಗಂಡು ಹುಳುವಿನ ವೀರ್ಯಾಣುಗಳಲ್ಲಿ ಅರ್ಧದಷ್ಟರಲ್ಲಿ ಒಂದು ದೊಡ್ಡ ವರ್ಣತಂತು, ಇನ್ನರ್ಧದಲ್ಲಿ ಅದರ ಜಾಗದಲ್ಲಿ ಒಂದು ಚಿಕ್ಕ ವರ್ಣತಂತು ಇರುವುದನ್ನು ಅವರು ಗುರುತಿಸಿದರು. ಹೆಂಗಸರನ್ನು ಈ ವಿಷಯಕ್ಕೆ ದೂರುವುದಕ್ಕೆ ಆಧಾರವಿಲ್ಲವೆಂದು ಗೊತ್ತಾಗಿ ನೂರು ವರ್ಷಕ್ಕೂ ಹೆಚ್ಚಾಯಿತು, ತೋರಿಸಿಕೊಟ್ಟವರೂ ಒಬ್ಬ ಹೆಂಗಸು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಔಷಧದ ವಿಷಯ. ವೀರ್ಯಾಣು ಅಂಡಾಣುವನ್ನು ಸೇರಿದ ಕ್ಷಣದಲ್ಲಿ ಮಗುವಿನಲ್ಲಿ ಎಕ್ಸ್ ಎಕ್ಸ್ ಇರಬೇಕೋ ಎಕ್ಸ್ ವೈ ಇರಬೇಕೋ ಎಂಬುದು ಮುಗಿದ ಮಾತು. ಬಸಿರು ನಿಂತಿದೆಯೆಂದು ತಾಯಿಗೆ ತಿಳಿಯುವ ಹೊತ್ತಿಗೆ ಅದು ಹಳೆಯ ವಿಷಯವಾಗಿರುತ್ತದೆ. ಕುಡಿಯುವ ಯಾವ ಕಷಾಯವೂ ಕೋಟಿಗಟ್ಟಲೆ ಜೀವಕೋಶಗಳಲ್ಲಿರುವ ವರ್ಣತಂತುವನ್ನು ಬದಲಿಸಲಾರದು. ಆದರೆ ಅದೇ ವಾರಗಳಲ್ಲಿ ಮಗುವಿನ ಹೃದಯ, ಮಿದುಳು, ಕೈಕಾಲುಗಳು ರೂಪುಗೊಳ್ಳುತ್ತಿರುತ್ತವೆ, ಏನಿದೆಯೆಂದು ತಿಳಿಯದ ಪುಡಿಯನ್ನು ಆಗ ನುಂಗುವುದು ಅಪಾಯ. ದಯವಿಟ್ಟು ತೆಗೆದುಕೊಳ್ಳಬೇಡಿ. ಹುಟ್ಟುವ ಮುನ್ನ ಲಿಂಗ ತಿಳಿದು ಹೇಳುವುದು 1994ರ ಕಾಯಿದೆಯಂತೆ ಅಪರಾಧವೆಂಬುದನ್ನೂ ಮನೆಯವರಿಗೆ ತಿಳಿಸಿ. ಎರಡು ಹೆಣ್ಣಾದ ಮೇಲೆ ಮೂರನೆಯದು ಗಂಡಾಗಲೇಬೇಕೆಂಬ ನಿಯಮವೂ ಇಲ್ಲ. ಪ್ರತಿ ಬಸಿರಿನಲ್ಲಿಯೂ ಸಾಧ್ಯತೆ ಮೊದಲಿನಷ್ಟೇ.

ವೈ ವರ್ಣತಂತುವಿನಲ್ಲಿ ಗಂಡಾಗಿಸುವ ಅಂಶ ಯಾವುದೆಂಬುದು 1990ರಲ್ಲಿ ಗೊತ್ತಾಯಿತು. ಎಸ್‌ಆರ್‌ವೈ ಎಂಬ ಒಂದು ಚಿಕ್ಕ ವಂಶವಾಹಿ ಬಸಿರಿನ ಆರೇಳನೆಯ ವಾರದ ಸುಮಾರಿಗೆ ಕೆಲಸ ಆರಂಭಿಸಿ, ಅಲ್ಲಿಯವರೆಗೆ ಎರಡೂ ಬಗೆಗೆ ಸಿದ್ಧವಾಗಿದ್ದ ಅಂಗವನ್ನು ವೃಷಣವಾಗುವ ಕಡೆಗೆ ತಿರುಗಿಸುತ್ತದೆ. ಅಪರೂಪಕ್ಕೆ ಈ ತುಣುಕು ತಂದೆಯ ಎಕ್ಸ್‌ಗೆ ಅಂಟಿಕೊಂಡು ಹೋಗಿ, ಎರಡು ಎಕ್ಸ್ ಇದ್ದರೂ ಮಗು ಗಂಡಾಗಿ ಬೆಳೆಯುವುದುಂಟು. ವೈ ಇದ್ದರೂ ಈ ವಂಶವಾಹಿ ಕೆಟ್ಟು ಹೆಣ್ಣಾಗಿ ಬೆಳೆಯುವುದುಂಟು. ಒಂದೇ ಎಕ್ಸ್ ಇರುವ ಟರ್ನರ್ ಸ್ಥಿತಿಯವರೂ ಇದ್ದಾರೆ, ಎರಡು ಎಕ್ಸ್ ಮತ್ತು ಒಂದು ವೈ ಇರುವ ಕ್ಲೈನ್‌ಫೆಲ್ಟರ್ ಸ್ಥಿತಿಯವರೂ ಇದ್ದಾರೆ. ಇವರೆಲ್ಲ ನಮ್ಮ ನಡುವೆಯೇ ಬದುಕುತ್ತಿರುವವರು, ಅನೇಕರಿಗೆ ಅದು ತಿಳಿದೇ ಇರುವುದಿಲ್ಲ. ರಕ್ತದ ಬಿಳಿಯ ಕಣಗಳನ್ನು ಬೆಳೆಸಿ, ವರ್ಣತಂತುಗಳನ್ನು ಜೋಡಿಸಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ವಾಹಕಿಯರ ಬಗ್ಗೆ ಶಿಕ್ಷಕಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆಂಗಸಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್‌ಗಳಲ್ಲಿ ಒಂದು ಬಹುಮಟ್ಟಿಗೆ ಸುಮ್ಮನಾಗಿರುತ್ತದೆ ಎಂದು ಇಂಗ್ಲೆಂಡಿನ ಮೇರಿ ಲಯನ್ 1961ರಲ್ಲಿ ಹೇಳಿದರು. ಕೆಲವು ಕೋಶಗಳಲ್ಲಿ ತಾಯಿಯ ಎಕ್ಸ್, ಕೆಲವುಗಳಲ್ಲಿ ತಂದೆಯ ಎಕ್ಸ್. ಕಪ್ಪು ಮತ್ತು ಕೆಂಚು ಮಚ್ಚೆಗಳೆರಡೂ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣಾಗಿರುವುದು ಇದರಿಂದಲೇ. ಆ ಬಣ್ಣದ ವಂಶವಾಹಿ ಬೆಕ್ಕಿನ ಎಕ್ಸ್‌ನಲ್ಲಿದೆ, ಯಾವ ಜಾಗದಲ್ಲಿ ಯಾವ ಎಕ್ಸ್ ಎಚ್ಚರವಾಗಿದೆಯೋ ಅಲ್ಲಿ ಆ ಬಣ್ಣ. ತೀರ್ಥಹಳ್ಳಿಯವರ ಅಕ್ಕನ ಕಣ್ಣಿನ ಒಳಪದರದಲ್ಲಿಯೂ ಎರಡೂ ಬಗೆಯ ಕೋಶಗಳು ಬೆರೆತಿರುತ್ತವೆ, ಸರಿಯಾದವು ಸಾಕಷ್ಟಿರುವುದರಿಂದ ಬಣ್ಣ ಕಾಣುತ್ತದೆ.

ಓದುಗ, ಹೊಸನಗರ

ಸೋದರಿಕೆಯ ಎರಡು ಬಗೆಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ, ಶಿಕ್ಷಕಿಯವರು ಹೇಳಿದಂತೆಯೇ ಬರುತ್ತದೆ. ಹಾಗಾದರೆ ತಂದೆಯಿಂದ ಮಗನಿಗೆ ಮಾತ್ರ ಹೋಗುವ ಗುಣಗಳೂ ಇರಬೇಕು. ಕಿವಿಯ ಅಂಚಿನಲ್ಲಿ ದಟ್ಟವಾಗಿ ಕೂದಲು ಬೆಳೆಯುವುದು ವೈ ವರ್ಣತಂತುವಿನ ಗುಣವೆಂದು ಕಾಲೇಜಿನಲ್ಲಿ ಓದಿದ ನೆನಪು.

ಪ್ರಯೋಗಾಲಯ ತಂತ್ರಜ್ಞ, ಭದ್ರಾವತಿ

ಹಿಂದಿನ ಪುಸ್ತಕಗಳಲ್ಲಿ ಹಾಗೆಯೇ ಇತ್ತು. ಭಾರತದ ಕುಟುಂಬಗಳನ್ನು ನೋಡಿಯೇ ಆ ಅಭಿಪ್ರಾಯ ಮೂಡಿತ್ತು, ಕೃಷ್ಣ ದ್ರೋಣಂರಾಜು ಅವರು 1960ರ ಸುಮಾರಿಗೆ ಆಂಧ್ರದ ಕುಟುಂಬಗಳ ಬಗ್ಗೆ ಬರೆದಿದ್ದರು. ಆದರೆ ದಕ್ಷಿಣ ಭಾರತದ ಕಿವಿಗೂದಲಿನ ಗಂಡಸರ ವೈ ವರ್ಣತಂತುಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಗಂಡಸರಲ್ಲಿ ಮಾತ್ರ ಕಾಣುವ ಗುಣವೆಲ್ಲ ವೈನಿಂದಲೇ ಬಂದಿರಬೇಕಾಗಿಲ್ಲ. ವಂಶವಾಹಿ ಬೇರೆ ವರ್ಣತಂತುವಿನಲ್ಲಿದ್ದು, ಹೊರಗೆ ಕಾಣಿಸಿಕೊಳ್ಳಲು ಗಂಡಸಿನ ಹಾರ್ಮೋನು ಬೇಕಾಗಬಹುದು. ವೈನಲ್ಲಿ ನಿಜಕ್ಕೂ ಇರುವುದು ವೃಷಣ ರೂಪುಗೊಳ್ಳುವುದಕ್ಕೆ, ವೀರ್ಯಾಣು ತಯಾರಾಗುವುದಕ್ಕೆ ಬೇಕಾದ ವಂಶವಾಹಿಗಳು ಮತ್ತು ಇನ್ನು ಕೆಲವು. ಅದರ ಉದ್ದ ಸುಮಾರು 6.2 ಕೋಟಿ ಡಿಎನ್‌ಎ ಅಕ್ಷರಗಳು, ಎಕ್ಸ್‌ನದು 15 ಕೋಟಿಗೂ ಹೆಚ್ಚು. ಒಂದೇ ಮಾತು ಮತ್ತೆ ಮತ್ತೆ ಬರುವ ಭಾಗಗಳು ವೈನಲ್ಲಿ ಎಷ್ಟು ಹೆಚ್ಚೆಂದರೆ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದು 2023ರಲ್ಲಿ.

ಮಕ್ಕಳ ವೈದ್ಯ, ಶಿವಮೊಗ್ಗ

ಚರ್ಚೆ ಚೆನ್ನಾಗಿ ನಡೆದಿದೆ. ಎಕ್ಸ್‌ನ ದಾರಿಯಲ್ಲಿ ಬರುವ ಎರಡು ಕಾಯಿಲೆಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ವರ್ಣಾಂಧತೆಯಂತೆ ಅವುಗಳೊಡನೆ ಸುಮ್ಮನೆ ಬದುಕಲಾಗದು. ಒಂದು ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆ ಇದು. ಮಗು ಅಂಬೆಗಾಲಿಡುವ ವಯಸ್ಸಿನಲ್ಲಿ ಮೊಣಕಾಲು ಊದಿಕೊಳ್ಳುವುದು, ಚಿಕ್ಕ ಗಾಯಕ್ಕೂ ರಕ್ತ ನಿಲ್ಲದಿರುವುದು ಕಂಡರೆ ತಾಯಿಯ ತಮ್ಮಂದಿರಲ್ಲಿ, ತಾಯಿಯ ಸೋದರಮಾವಂದಿರಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ನಾವು ಮೊದಲು ಕೇಳುತ್ತೇವೆ. ಆದರೆ ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಹೊಸದಾಗಿ ಕಾಣಿಸಿಕೊಳ್ಳುವುದುಂಟು, ಸುಮಾರು ಮೂರರಲ್ಲಿ ಒಂದು ಭಾಗ ಹಾಗೆಯೇ. ವಾಹಕಿಯರಲ್ಲಿ ಕೆಲವರಿಗೆ ಆ ಅಂಶ ಕಡಿಮೆಯಿದ್ದು ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಬಹುದು; ಅವರನ್ನೂ ಪರೀಕ್ಷಿಸಬೇಕು.

ಇನ್ನೊಂದು ಜಿ6ಪಿಡಿ ಎಂಬ ಕಿಣ್ವದ ಕೊರತೆ. ಇಂಥವರು ಪ್ರಿಮಾಕ್ವಿನ್ ಮಾತ್ರೆ ನುಂಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ ಕೊಡುವ ಮಾತ್ರೆ ಅದೇ. ಮಲೇರಿಯಾ ಕಾಡಿದ ಪ್ರದೇಶಗಳ ಜನರಲ್ಲಿಯೇ ಈ ಕೊರತೆ ಹೆಚ್ಚು, ಏಕೆಂದರೆ ಅದು ಆ ಜ್ವರದ ತೀವ್ರತೆಯಿಂದ ಸ್ವಲ್ಪಮಟ್ಟಿಗೆ ರಕ್ಷಿಸುತ್ತದೆ. ಹಿಂದೆ ಮಲೇರಿಯಾಕ್ಕೆ ಹೆಸರಾಗಿದ್ದ ಮಲೆನಾಡಿನವರು ಈ ಮಾತ್ರೆಗೆ ಮುನ್ನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ವಂಶಪಾರಂಪರ್ಯದ ಬಗ್ಗೆ ಶಿವಮೊಗ್ಗದಲ್ಲಿ ಮಾತಾಡುವವರು ಹಂದಿಗೋಡನ್ನು ಬಿಟ್ಟು ಮಾತಾಡಬಾರದು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1970ರ ದಶಕದ ನಡುವೆ ಒಂದು ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಮತ್ತು ಮೊಣಕಾಲಿನ ಕೀಲುಗಳಲ್ಲಿ ನೋವು, ವರ್ಷ ಕಳೆದಂತೆ ಕೀಲು ಸವೆದು ಬಾಗುವುದು, ಕೆಲವರಲ್ಲಿ ಎತ್ತರವೇ ಕುಂಠಿತವಾಗುವುದು, ತೀವ್ರವಾದಾಗ ಕೈಯೂರಿಕೊಂಡು ಕುಳಿತೇ ಸಾಗಬೇಕಾಗುವುದು ಇದರ ಲಕ್ಷಣಗಳು. ಗದ್ದೆಯ ಏಡಿ, ಮೀನು ತಿನ್ನುವ ಬಡವರಲ್ಲಿ ಕಂಡದ್ದರಿಂದ ಕೀಟನಾಶಕ ಸೇರಿದ ಏಡಿಯೇ ಕಾರಣವೆಂಬ ಶಂಕೆ ಆರಂಭದಲ್ಲಿ ಬಲವಾಗಿತ್ತು. ಆದರೆ ಕುಟುಂಬಗಳ ವಂಶಾವಳಿಯನ್ನು ತಲೆಮಾರುಗಳ ಉದ್ದಕ್ಕೂ ಬರೆದು ನೋಡಿದ ತಜ್ಞರು ಇದು ಪ್ರಬಲ ಗುಣವಾಗಿ (ವಂಶವಾಹಿಯ ಒಂದೇ ಪ್ರತಿ ಕೆಟ್ಟರೂ ಕಾಣಿಸಿಕೊಳ್ಳುವಂತೆ) ಇಳಿಯುತ್ತದೆ, ಲಿಂಗ ವರ್ಣತಂತುವಿನ ಮೂಲಕ ಇಳಿಯುವುದಲ್ಲ ಎಂದು ತೀರ್ಮಾನಿಸಿದರು. ಇದಕ್ಕೂ ಈ ಮನೆಯ ವರ್ಣಾಂಧತೆಗೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ತಂದೆಯಿಂದ ಮಗನಿಗೂ ದಾಟುತ್ತದೆ. ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಸಾಮಾನ್ಯವಾಗಿ ಒಂದು ತಲೆಮಾರು ಬಿಟ್ಟು ಮುಂದಕ್ಕೆ ಹಾರುವುದಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಸಾಧ್ಯತೆ ಅರ್ಧ. ತಂದೆಯಿಂದ ಮಗನಿಗೆ ದಾಟಿದ ಒಂದೇ ಒಂದು ಖಚಿತ ಉದಾಹರಣೆ ಸಿಕ್ಕರೂ ಆ ಗುಣ ಎಕ್ಸ್‌ನದಲ್ಲವೆಂದು ಹೇಳಬಹುದು.

ಆ ಕುಟುಂಬಗಳು ಯಾವ ಸಮುದಾಯದವೆಂದು ನಾನು ಇಲ್ಲಿ ಬರೆಯುವುದಿಲ್ಲ. ಕಾಯಿಲೆಯ ನೋವಿನ ಜೊತೆಗೆ, ಹೆಣ್ಣು ಕೊಡಲು ತರಲು ಜನ ಹಿಂಜರಿಯುವ ನೋವನ್ನೂ ಅವರು ಅನುಭವಿಸಿದ್ದಾರೆ. ಒಂದೇ ಊರಿನಲ್ಲಿ ಹಲವರಿಗೆ ಬಂತೆಂದರೆ ಅಂಟುರೋಗವೆಂಬ ಭಯ ಹುಟ್ಟುವುದು ಸಹಜ. ಅದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುವ ವೈರಸ್ ಜ್ವರ, ಕಾಡಿಗೆ ಹೋದ ಯಾರಿಗಾದರೂ ತಗಲಬಹುದು. ಹಂದಿಗೋಡು ಕಾಯಿಲೆಯವರ ಮನೆಯಲ್ಲಿ ಉಂಡರೆ, ಪಕ್ಕದಲ್ಲಿ ಕುಳಿತರೆ ಯಾರಿಗೂ ಏನೂ ಬರುವುದಿಲ್ಲ.

ಹೊಸನಗರದವರ ಎಚ್ಚರಿಕೆಗೆ ನನ್ನ ಬೆಂಬಲವಿದೆ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೆ ರಕ್ತ ಕಡಿಮೆಯಾಗುವ ಥಲಸ್ಸೀಮಿಯಾ, ಹುಟ್ಟು ಕಿವುಡಿನ ಹಲವು ಬಗೆಗಳು, ಇನ್ನೂ ಅನೇಕ ಕಾಯಿಲೆಗಳು 22 ಜೋಡಿಗಳಲ್ಲಿ ದುರ್ಬಲ ಗುಣವಾಗಿ (ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ಕಾಣಿಸಿಕೊಳ್ಳುವಂತೆ) ಅಡಗಿರುತ್ತವೆ. ಅಲ್ಲಿ ಗಂಡಸರೂ ವಾಹಕರಾಗಿ ತಿಳಿಯದೆ ಇರಬಹುದು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಕಾಲು ಭಾಗ, ಸೋದರಿಕೆಯಲ್ಲಿ ವಾಹಕರಿಬ್ಬರು ಎದುರಾಗುವ ಸಂಭವ ಹೆಚ್ಚು. ತೀರ್ಥಹಳ್ಳಿಯವರು ಇಲ್ಲಿಯವರೆಗೆ ಕಣ್ಣಿನ ಬಗ್ಗೆ ಮಾತ್ರ ಕೇಳಿದ್ದಾರೆ. ನಾನು ಅವರ ಜಾಗದಲ್ಲಿದ್ದರೆ ಅದಕ್ಕಿಂತ ಹೆಚ್ಚಾಗಿ ಇದರ ಬಗ್ಗೆ ವಿಚಾರಿಸುತ್ತಿದ್ದೆ.

ತೋಟದವರು, ತೀರ್ಥಹಳ್ಳಿ

ಡಾಕ್ಟರ್, ತಾವು ಹೇಳಿದ ಮೇಲೆ ಮನೆಯವರೆಲ್ಲ ಕುಳಿತು ಎರಡೂ ಕಡೆಯ ವಂಶಾವಳಿ ಬರೆದೆವು, ಹೆಣ್ಣುಮಕ್ಕಳ ಕವಲನ್ನೂ ಬಿಡಲಿಲ್ಲ. ನನ್ನ ಹೆಂಡತಿಯ ತಂದೆಗೆ, ಅಣ್ಣಂದಿರಿಗೆ ಬಣ್ಣದ ತೊಂದರೆ ಇಲ್ಲ. ಆದರೆ ನಮ್ಮ ತಾಯಿಯ ಚಿಕ್ಕಮ್ಮನ ಮನೆಯಲ್ಲಿ ಎರಡು ಮಕ್ಕಳು ರಕ್ತ ಕಡಿಮೆಯಾಗಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡವಂತೆ. ಇದನ್ನು ಅತ್ತಿಗೆಯೊಬ್ಬರು ಹೇಳಿದರು, ನನಗೆ ಗೊತ್ತೇ ಇರಲಿಲ್ಲ. ಇದಕ್ಕೆ ಏನು ಮಾಡಬೇಕು?

ಮಕ್ಕಳ ವೈದ್ಯ, ಶಿವಮೊಗ್ಗ

ಬರೆದು ನೋಡಿದ್ದು ಒಳ್ಳೆಯದಾಯಿತು. ಹೆಂಡತಿಯವರ ತಂದೆ ಮತ್ತು ಅಣ್ಣಂದಿರ ಕಣ್ಣು ಸರಿಯಿರುವುದರಿಂದ ಹುಡುಗಿ ವರ್ಣಾಂಧತೆಯ ವಾಹಕಿಯಾಗಿರುವ ಸಾಧ್ಯತೆ ಬಹಳ ಕಡಿಮೆ, ಆ ಚಿಂತೆಯನ್ನು ಬಿಡಿ. ಆ ಇಬ್ಬರು ಮಕ್ಕಳಿಗೆ ಏನಾಗಿತ್ತೆಂದು ಈಗ ಹೇಳಲಾಗದು, ಎಳೆಯ ಮಕ್ಕಳಲ್ಲಿ ರಕ್ತ ಕಡಿಮೆಯಾಗಲು ಹತ್ತಾರು ಕಾರಣಗಳಿವೆ. ಆದರೂ ಹುಡುಗ ಹುಡುಗಿ ಇಬ್ಬರೂ ಮದುವೆಗೆ ಮುನ್ನವೇ ರಕ್ತಕಣಗಳ ಪೂರ್ಣ ಎಣಿಕೆಯನ್ನೂ, ಥಲಸ್ಸೀಮಿಯಾ ವಾಹಕರನ್ನು ಗುರುತಿಸಲು ಹಿಮೋಗ್ಲೋಬಿನ್ ಎ2 ಪ್ರಮಾಣ ತಿಳಿಸುವ ಪರೀಕ್ಷೆಯನ್ನೂ ಮಾಡಿಸಲಿ. ಸ್ವಲ್ಪ ರಕ್ತ ಕೊಟ್ಟರೆ ಸಾಕು. ಕಬ್ಬಿಣಾಂಶದ ಕೊರತೆಯಿದ್ದರೆ ಎ2 ಪ್ರಮಾಣ ಇರುವುದಕ್ಕಿಂತ ಕಡಿಮೆ ತೋರಬಹುದು, ಆದ್ದರಿಂದ ಅದನ್ನೂ ಜೊತೆಗೇ ನೋಡಿಸಿ. ಇಬ್ಬರಲ್ಲಿ ಒಬ್ಬರು ಮಾತ್ರ ವಾಹಕರೆಂದು ಬಂದರೆ ಮಕ್ಕಳಿಗೆ ತೀವ್ರ ಥಲಸ್ಸೀಮಿಯಾದ ಭಯವಿಲ್ಲ. ಇಬ್ಬರೂ ವಾಹಕರೆಂದು ಬಂದರೆ ವರದಿಗಳನ್ನು ಮತ್ತು ಬರೆದ ವಂಶಾವಳಿಯನ್ನು ತೆಗೆದುಕೊಂಡು ಅನುವಂಶಿಕ ಸಲಹೆ ಕೊಡುವ ವೈದ್ಯರನ್ನು ಕಾಣಬೇಕು, ಮಕ್ಕಳಿಬ್ಬರೂ ಜೊತೆಯಲ್ಲಿರಲಿ. ತಂಗಿಯವರ ಮನೆಯವರಿಗೂ ವಂಶಾವಳಿಯ ಒಂದು ಪ್ರತಿ ಕೊಡಿ.